ಕಾರ್ನ್‌ವಾಲಿಸನನ್ನು ಹಿಂದಕ್ಕೆ ಕಳಿಸಿದ ಎತ್ತುಗಳು

ದೇವನಹಳ್ಳಿ ಕೋಟೆಯನ್ನು ನಮ್ಮಲ್ಲಿ ಹೆಚ್ಚಿನವರು ನೋಡಿದ್ದೇವೆ. ಟಿಪ್ಪು ಸುಲ್ತಾನರು ಹುಟ್ಟಿದ ಊರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇದೇ ಕೋಟೆಯನ್ನು 1791ರಲ್ಲಿ ವಶಪಡಿಸಿಕೊಂಡ ಲಾರ್ಡ್ ಕಾರ್ನ್‌ವಾಲಿಸ್ ಬಗ್ಗೆ ಮಾತ್ರ ನಮಗೆ ಗೊತ್ತಿರುವುದು ಕಡಿಮೆ. ಮನೆಯಲ್ಲಿ ಆ ಹೆಸರು ಎತ್ತಿದರೆ ಅಬ್ಬಾ ಮುಖ ಸಿಂಡರಿಸುತ್ತಾರೆ. ವಾಣಿಜ್ಯ ವಿಭಾಗದ ನನಗೆ ಆತನ ಯುದ್ಧದಲ್ಲಿ ಕುತೂಹಲ ಹುಟ್ಟಿಸಿದ್ದು ಕತ್ತಿಯಲ್ಲ, ಎತ್ತು.

ಕಾರ್ನ್‌ವಾಲಿಸ್ ಮೊದಲೇ ಒಂದು ದೊಡ್ಡ ಯುದ್ಧ ಸೋತಿದ್ದ. 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಆತನ ಸೈನ್ಯ ಜಾರ್ಜ್ ವಾಷಿಂಗ್ಟನ್‌ಗೆ ಶರಣಾಯಿತು. 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. ಮೂರನೇ ಮೈಸೂರು ಯುದ್ಧದ ಮೊದಲ ವರ್ಷ ಜನರಲ್ ಮೆಡೋಸ್ ಏನೂ ಸಾಧಿಸದಿದ್ದಾಗ ತಾನೇ ಸೈನ್ಯದ ನಾಯಕತ್ವ ವಹಿಸಿಕೊಂಡು ಕೋಲಾರ, ಹೊಸಕೋಟೆ ದಾರಿಯಲ್ಲಿ ಬಂದು, 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆಯನ್ನು ಹಿಡಿದ. ಕಿಲ್ಲೆದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಮಡಿದರು. ಬಳಿಕ ನಿಜಾಮನ ಕುದುರೆ ಸೈನ್ಯವನ್ನು ಕೂಡಿಕೊಳ್ಳಲು ಉತ್ತರಕ್ಕೆ ಹೊರಟಾಗ ದೇವನಹಳ್ಳಿ, ಚಿಕ್ಕಬಳ್ಳಾಪುರ ಆತನ ಕೈಸೇರಿದವು.

ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದತ್ತ ನಡೆದ. 15ರಂದು ಅರಕೆರೆಯ ಬಳಿ ಗೆದ್ದೂ ಬಿಟ್ಟ. ಆದರೂ ವಾಪಸ್ಸು ಹೋಗಬೇಕಾಯಿತು! ಯಾಕೆಂದರೆ ದಾರಿಯ ಹುಲ್ಲು, ದವಸವನ್ನೆಲ್ಲ ಸುಲ್ತಾನರು ಮೊದಲೇ ಸುಡಿಸಿದ್ದರು. ಮೇಲಿಂದ ಮಳೆ. ತೋಪು ಎಳೆಯುವ ಎತ್ತುಗಳು ಸಾವಿರಗಟ್ಟಲೆ ಸತ್ತವು, ಸೈನಿಕರೇ ತೋಪು ಎಳೆದರು. ಕೊನೆಗೆ ಕೋಟೆ ಒಡೆಯಲು ತಂದಿದ್ದ ದೊಡ್ಡ ತೋಪುಗಳನ್ನು ತಾನೇ ನಾಶ ಮಾಡಿ ಹಿಂದಿರುಗಿದ.

ನಮ್ಮ ಪಠ್ಯದ ಮಾತಿನಲ್ಲಿ ಹೇಳುವುದಾದರೆ ತೋಪು ಸ್ಥಿರ ಬಂಡವಾಳ. ಹುಲ್ಲು, ಅಕ್ಕಿ ದುಡಿಯುವ ಬಂಡವಾಳ. ಮೊದಲನೆಯದು ಎಷ್ಟಿದ್ದರೂ ಎರಡನೆಯದು ಮುಗಿದರೆ ಅಂಗಡಿ ಬಾಗಿಲು ಹಾಕಲೇಬೇಕು. ಎತ್ತು ಹೊರುವುದಲ್ಲದೆ ತಿನ್ನುತ್ತದೆ ಕೂಡ. ಎತ್ತು ಹೆಚ್ಚಿದಷ್ಟೂ ಮೇವು ಹೆಚ್ಚು ಬೇಕು. ಸುಲ್ತಾನರು ಹೊಡೆದದ್ದು ಸರಿಯಾದ ಜಾಗಕ್ಕೇ ಎಂದು ನನಗನ್ನಿಸುತ್ತದೆ. ಆದರೆ ಸುಟ್ಟದ್ದು ನಮ್ಮದೇ ರೈತರ ಬೆಳೆ ಎಂಬುದನ್ನೂ ಮರೆಯಬಾರದು.

ಹಿಂದಿರುಗುವಾಗ ಮೇಲುಕೋಟೆಯ ಹತ್ತಿರ ಮರಾಠರ ಸೈನ್ಯ ಸಿಕ್ಕಿತು. ಅದು ಅಷ್ಟು ಸಮೀಪ ಬಂದಿದ್ದು ಕಾರ್ನ್‌ವಾಲಿಸನಿಗೆ ಗೊತ್ತೇ ಇರಲಿಲ್ಲ, ಸುದ್ದಿ ತರುವವರನ್ನು ಸುಲ್ತಾನರ ಸವಾರರು ನಡುದಾರಿಯಲ್ಲೇ ಹಿಡಿದಿದ್ದರು. ಮರಾಠರ ಬಜಾರಿನಲ್ಲಿ ಎಲ್ಲವೂ ಇತ್ತು, ಆದರೆ ಬೆಲೆ ದುಬಾರಿ. ಹಸಿದವನು ಚೌಕಾಸಿ ಮಾಡುತ್ತಾನೆಯೇ?

ಮುಂದಿನ ಎಂಟು ತಿಂಗಳು ಆತ ಮಾಡಿದ್ದು ಹೆಚ್ಚಾಗಿ ಸಾಮಗ್ರಿ ಕೂಡಿಸುವ ಕೆಲಸ. ಎತ್ತಿನ ಹಿಂಡುಗಳ ಮೇಲೆ ದವಸ ಹೇರಿಕೊಂಡು ಊರೂರು ಸುತ್ತುತ್ತಿದ್ದ ಬಂಜಾರರು, ಅಂದರೆ ನಮ್ಮ ಲಂಬಾಣಿಗರ ಹಿರಿಯರು, ಆತನ ಸೈನ್ಯಕ್ಕೆ ಧಾನ್ಯ ಮಾರಿದರು. ದಾರಿಗೆ ಅಡ್ಡವಾಗಿದ್ದ ಬೆಟ್ಟದ ಕೋಟೆಗಳೂ ಬಿದ್ದವು: ಅಕ್ಟೋಬರ್ 19ಕ್ಕೆ ನಂದಿ, ಡಿಸೆಂಬರ್ 21ಕ್ಕೆ ಸಾವನದುರ್ಗ. ಹೀಗೆ 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ಬಿದ್ದಾಗ ಬೆನ್ನ ಹಿಂದಿನ ದಾರಿ ಭದ್ರವಾಗಿತ್ತು.

ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಜೊತೆಗೆ 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಅರ್ಧ ಆಗಲೇ, ಉಳಿದದ್ದು ಕಂತಿನಲ್ಲಿ. ಸಾಲಕ್ಕೆ ಹೊಲ, ಒಡವೆ ಅಡವಿಡುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಅಡವಿಟ್ಟದ್ದು ಇಬ್ಬರು ಮಕ್ಕಳನ್ನು: ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್. ಹಿರಿಯವನಿಗೆ ಹತ್ತರ ಆಸುಪಾಸು. ಅವರನ್ನು ಮದ್ರಾಸಿಗೆ ಕರೆದೊಯ್ದರು. ಸುಲ್ತಾನರು ಹಣವನ್ನೆಲ್ಲ ತೀರಿಸಿದ ಮೇಲೆ, 1794ರ ಮಾರ್ಚ್‌ನಲ್ಲಿ ಮಕ್ಕಳನ್ನು ತಂದೆಗೆ ಹಿಂದಿರುಗಿಸಿದ್ದು ನಮ್ಮ ದೇವನಹಳ್ಳಿಯಲ್ಲೇ.