ಸಿಸಿಟಿವಿ ಡಿವಿಆರ್: ಹಾರ್ಡ್ ಡಿಸ್ಕ್ ಬದಲಾಯಿಸೋದು ಹೇಗೆ?

ಕ್ಯಾಮೆರಾದಲ್ಲಿ ಲೈವ್ ಬರ್ತಿದೆ,
ನಿನ್ನೆ ರಾತ್ರಿದು ಮಾತ್ರ ಸಿಗ್ತಿಲ್ಲ. ಯಾಕೆ?

ಡಿವಿಆರ್ ಒಳಗಿನ ಹಾರ್ಡ್ ಡಿಸ್ಕ್ ಕೆಟ್ಟಿರಬಹುದು.

ನಮ್ಮ ಮಾರ್ಕೋನಹಳ್ಳಿ ಡ್ಯಾಮ್ ನೋಡಿದ್ದೀರಲ್ಲ?
ಶಿಂಷಾ ನದಿ ನೀರು ಮಟ್ಟ ಮೀರಿದ್ರೆ,
ಸೈಫನ್ ತಾನಾಗೇ ಹೊರಗೆ ಬಿಡುತ್ತೆ.
ಡಿವಿಆರೂ ಹಾಗೇ.
ಡಿಸ್ಕ್ ತುಂಬಿದಾಗ ಹಳೇ ರೆಕಾರ್ಡಿಂಗ್ ಅಳಿಸಿ
ಹೊಸದಕ್ಕೆ ಜಾಗ ಮಾಡುತ್ತೆ.
ಹಗಲೂ ರಾತ್ರಿ ಇದೇ ಕೆಲಸ.
ಸವೆಯದೆ ಇರುತ್ತಾ?

ಹೊಸದು ತರುವಾಗ
ಸರ್ವೇಲೆನ್ಸ್ ಡಿಸ್ಕ್ ಅಂತಲೇ ಕೇಳಿ.
24 ಗಂಟೆ ಬರೆಯೋಕೆ ಅಂತಲೇ ಮಾಡಿರೋದು ಅದು.

ಮೊದಲು ಪ್ಲಗ್ ಕೀಳಿ.
ಮುಚ್ಚಳದ ಸ್ಕ್ರೂ ಬಿಚ್ಚಿ.
ಡಿಸ್ಕಿಗೆ ಎರಡೇ ವೈರು:
ಒಂದು ಕರೆಂಟಿಗೆ, ಒಂದು ಡೇಟಾಗೆ.
ತುದಿ ಎಲ್ ಆಕಾರ. ಒಂದೇ ಕಡೆ ಕೂರುತ್ತೆ,
ಬಲವಂತ ಬೇಡ.

ಹಳೇದು ತೆಗೆದು ಹೊಸದು ಕೂರಿಸಿ, ಪ್ಲಗ್ ಹಾಕಿ.
ಆಮೇಲೆ ಮೆನುವಿನಲ್ಲಿ ಫಾರ್ಮ್ಯಾಟ್ ಮಾಡಿ,
ತಾರೀಕು, ಟೈಮ್ ಸರಿ ಮಾಡಿ.

ಹಳೇ ಡಿಸ್ಕ್ ಗುಜರಿಗೆ ಕೊಡಬೇಡಿ.
ನಿಮ್ಮ ಮನೆಯ ದೃಶ್ಯ ಅದರಲ್ಲಿ ಇನ್ನೂ ಇರಬಹುದು.