ಬೆಳೆದ ಮಕ್ಕಳು ಮತ್ತು ಆದಾಯ ತೆರಿಗೆ



ಇತ್ತೀಚೆಗೆ ಬರಡು ರಾಸು ಚಿಕಿತ್ಸಾ ಶಿಬಿರದಲ್ಲಿ ಸದಸ್ಯರೊಬ್ಬರು ನನ್ನನ್ನು ಕೇಳಿದರು: "ಡಾಕ್ಟ್ರೇ, ಮಗನಿಗೆ ಇಪ್ಪತ್ತು ತುಂಬಿತು, ಇನ್ನೂ ಓದುತ್ತಿದ್ದಾನೆ. ಅವನನ್ನು ಅವಲಂಬಿತ ಅಂತ ತೋರಿಸಿದರೆ ತೆರಿಗೆ ಕಡಿಮೆಯಾಗುತ್ತದಂತೆ, ನಿಜವೇ?"

ಅಮೆರಿಕದಲ್ಲಿ ಇಂತಹ ನಿಯಮವಿದೆ. ಅಲ್ಲಿ ಪೂರ್ಣಾವಧಿ ವಿದ್ಯಾರ್ಥಿಯಾದರೆ 24 ವರ್ಷದೊಳಗಿನ ಮಗನನ್ನೂ ಕೆಲವು ಷರತ್ತುಗಳ ಮೇಲೆ ಅವಲಂಬಿತನೆಂದು ತೋರಿಸಬಹುದು. ನಮ್ಮಲ್ಲಿ ಮಕ್ಕಳಿದ್ದಾರೆ ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಇಲ್ಲ. ಮಾಡಿದ ಖರ್ಚಿನ ಮೇಲೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ, ಈ ಕಡಿತಗಳುಂಟು:

1. ಬೋಧನಾ ಶುಲ್ಕ: ಇಬ್ಬರು ಮಕ್ಕಳವರೆಗೆ, ಭಾರತದಲ್ಲಿನ ಪೂರ್ಣಾವಧಿ ಶಿಕ್ಷಣಕ್ಕೆ. ಜೀವವಿಮೆ ಮುಂತಾದವು ಸೇರಿ ಒಟ್ಟು ಮಿತಿ 1.5 ಲಕ್ಷ ರೂ. ಡೊನೇಷನ್, ಅಭಿವೃದ್ಧಿ ಶುಲ್ಕ ಸೇರುವುದಿಲ್ಲ.

2. ಶಿಕ್ಷಣ ಸಾಲ: ಬಡ್ಡಿಗೆ ಮಾತ್ರ, ಗರಿಷ್ಠ 8 ವರ್ಷ.

3. ಆರೋಗ್ಯ ವಿಮೆ: ಪತಿ, ಪತ್ನಿ ಹಾಗೂ ಅವಲಂಬಿತ ಮಕ್ಕಳ ಕಂತು, ಸಾಮಾನ್ಯವಾಗಿ 25,000 ರೂ. ವರೆಗೆ. ಕಂತನ್ನು ನಗದಾಗಿ ಕಟ್ಟಿದರೆ ಕಡಿತ ಸಿಗದು.

4. ಅಂಗವಿಕಲ ಅವಲಂಬಿತರು: 75,000 ರೂ.; ಶೇ. 80 ಮತ್ತು ಮೇಲ್ಪಟ್ಟ ಅಂಗವೈಕಲ್ಯಕ್ಕೆ 1.25 ಲಕ್ಷ ರೂ. ಮಕ್ಕಳ ವಯಸ್ಸಿಗೆ ಮಿತಿಯಿಲ್ಲ. ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ.

ಮಕ್ಕಳ ಹೆಸರಿನ ಠೇವಣಿಯ ಬಡ್ಡಿ 18 ತುಂಬುವವರೆಗೆ ತಂದೆ ತಾಯಿಯರಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರುತ್ತದೆ. ಆನಂತರ ಅದು ಮಕ್ಕಳದೇ ಆದಾಯ.

ಇನ್ನೊಂದು ಮುಖ್ಯ ಮಾತು. ಹಾಲಿನ ಹಣ ಕೃಷಿ ಆದಾಯವಲ್ಲ, ಅದು ವ್ಯವಹಾರದ ಆದಾಯ. ಆದರೆ ಬಟವಾಡೆಯ ಪೂರ್ತಿ ಮೊತ್ತಕ್ಕೆ ತೆರಿಗೆಯಿಲ್ಲ. ಮೇವು, ಪಶು ಆಹಾರ, ಔಷಧಿ, ಕೂಲಿ ಕಳೆದು ಉಳಿದದ್ದೇ ಆದಾಯ. ಆದ್ದರಿಂದ ರಸೀದಿಗಳನ್ನು ಜೋಪಾನ ಮಾಡಿರಿ.

ಈಗ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. 2025-26ನೇ ಆರ್ಥಿಕ ವರ್ಷದಿಂದ ಅದರಲ್ಲಿ 12 ಲಕ್ಷ ರೂ. ವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳದು. ನಮ್ಮ ಬಹುಪಾಲು ಸದಸ್ಯರು ಈ ಮಿತಿಯೊಳಗೇ ಇರುವುದರಿಂದ ಮೇಲಿನ ಕಡಿತಗಳ ಅಗತ್ಯವೇ ಬೀಳದು. ವ್ಯವಹಾರದ ಆದಾಯವುಳ್ಳವರು ಹಳೆಯ ಪದ್ಧತಿಗೆ ಹೋಗಬೇಕಾದರೆ ಗಡುವಿನೊಳಗೆ ನಿಗದಿತ ನಮೂನೆ ಸಲ್ಲಿಸಬೇಕು; ಹೊಸದಕ್ಕೆ ಮರಳಲು ಒಂದೇ ಅವಕಾಶ.

ಆದ್ದರಿಂದ ಯಾರದೋ ಮಾತು ಕೇಳಿ ಅರ್ಜಿಗೆ ಸಹಿ ಹಾಕುವ ಮುನ್ನ ಎರಡೂ ಪದ್ಧತಿಯ ಲೆಕ್ಕವನ್ನು ತೆರಿಗೆ ಸಲಹೆಗಾರರಿಂದ ಹಾಕಿಸಿ ನೋಡಿರಿ. ಉಳಿದ ಹಣ ಮಕ್ಕಳ ಓದಿಗಾದೀತು.