ಪಂಪ್ ತಿರುಗಿಸಿದ ಲಾರಿಗೆ ಹೊಗೆ ಪರೀಕ್ಷೆ

ಬೆಂಗಳೂರಿನ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಹಳೆಯ ಲಾರಿಯೊಂದರ ಹಿಂದೆ ಸ್ಕೂಟರ್‌ನಲ್ಲಿ ಸಿಕ್ಕಿಕೊಂಡವರಿಗೆ ಈ ಹೊಗೆಯನ್ನು ವಿವರಿಸಬೇಕಿಲ್ಲ. ಹಸಿರು ದೀಪ ಬಿದ್ದು ಚಾಲಕ ಎಕ್ಸಲೇಟರ್ ತುಳಿದರೆ ಮುಂದಿನ ದಾರಿಯೇ ಕಾಣದಷ್ಟು ಕಪ್ಪು. ಎಂಜಿನ್ ಕೆಟ್ಟಿದೆ ಎಂದು ಬೈದುಕೊಂಡು ಹೋಗುವವರೇ ಹೆಚ್ಚು. ಆದರೆ ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ. ‘ಪಿಕಪ್’ ಬರಲೆಂದು ಅದಕ್ಕೆ ಬೇಕಂತಲೇ ಹೆಚ್ಚು ಡೀಸೆಲ್ ಕುಡಿಸಿರುತ್ತಾರೆ.

ಹಳೆಯ ಲಾರಿಗಳಲ್ಲಿ ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಸ್ಕ್ರೂಡ್ರೈವರ್ ಸಾಕು. ಎಂಜಿನ್‌ಗೆ ಡೀಸೆಲ್ ಒತ್ತುವ ಪಂಪ್ ತಯಾರಿಸುತ್ತಿದ್ದ ಆಡುಗೋಡಿಯ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಅದು ಇಂದಿಗೂ ಮೈಕೊ ಪಂಪೇ. ಆ ಪಂಪ್‌ನಲ್ಲಿ ಎಂಜಿನ್‌ಗೆ ಗರಿಷ್ಠ ಎಷ್ಟು ಡೀಸೆಲ್ ಹೋಗಬೇಕೆಂದು ನಿಗದಿ ಮಾಡುವ ಸ್ಕ್ರೂಗೆ ಸೀಲ್ ಇರುತ್ತದೆ. ಸೀಲ್ ಮುರಿದು ಸ್ಕ್ರೂ ತಿರುಗಿಸಿದರೆ ಓವರ್‌ಲೋಡ್ ಲಾರಿಯೂ ಏರು ಹತ್ತುತ್ತದೆ. ಡೀಸೆಲ್ ಹೆಚ್ಚಿತು, ಗಾಳಿ ಮೊದಲಿನಷ್ಟೇ ಉಳಿಯಿತು. ಉರಿಯದೆ ಉಳಿದದ್ದು ಮಸಿಯಾಗಿ ಹೊರಬರುತ್ತದೆ, ಟರ್ಬೊ ಮತ್ತು ಪಿಸ್ಟನ್ ಅತಿಯಾಗಿ ಕಾಯುತ್ತವೆ.

ಎಮಿಷನ್ ಟೆಸ್ಟ್ ಹಿಡಿಯುವುದು ಈ ಮಸಿಯನ್ನೇ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಸೈಲೆನ್ಸರ್ ಬಾಯಿಗೆ ಕೊಳವೆ ತೂರಿಸಿ, ಎಕ್ಸಲೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ ಬಿಡುತ್ತಾರೆ. ಮತ್ತೆ ಮತ್ತೆ ಹಾಗೆಯೇ. ಹೊಗೆ ಎಷ್ಟು ಬೆಳಕನ್ನು ತಡೆಯಿತು ಎಂಬುದನ್ನು ಯಂತ್ರ ಹಾರ್ಟ್ರಿಡ್ಜ್ ಎಂಬ ಅಳತೆಯಲ್ಲಿ ತೋರಿಸುತ್ತದೆ. ಬಿಎಸ್-4 (ಭಾರತ್ ಸ್ಟೇಜ್ 4) ಮಾಲಿನ್ಯ ಮಾನದಂಡಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಮಿತಿ 65, ಬಿಎಸ್-4 ಗಾಡಿಗೆ 50.

ಪಾಸಾಗಲು ಅಡ್ಡದಾರಿಯೂ ಇದೆ: ಟೆಸ್ಟ್‌ಗೆ ಮುಂಚೆ ಸ್ಕ್ರೂ ಇಳಿಸಿ, ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಮತ್ತೆ ಏರಿಸುವುದು. ನೇರ ದಾರಿ ಕೊಂಚ ಉದ್ದ, ಲೆಕ್ಕ ಹಾಕಿದರೆ ಅಗ್ಗ. ಮೊದಲು ಧೂಳು ಕಟ್ಟಿದ ಏರ್ ಫಿಲ್ಟರ್ ಬದಲಿಸಬೇಕು. ಟರ್ಬೊದಿಂದ ಎಂಜಿನ್‌ಗೆ ಗಾಳಿ ಒಯ್ಯುವ ಹೋಸ್ ಸೀಳಿದ್ದರೂ ಕಪ್ಪು ಹೊಗೆಯೇ ಬರುತ್ತದೆ. ಇದನ್ನು ನೋಡದೆ ಪಂಪ್‌ಗೆ ಕೈಹಾಕುವವರು ಬಹಳ. ಬಳಿಕ ನಾಜಲ್‌ಗಳನ್ನು ಬಿಚ್ಚಿ ಒತ್ತಡ ಕೊಟ್ಟು ನೋಡಬೇಕು. ಡೀಸೆಲ್ ಮಂಜಿನಂತೆ ಚಿಮ್ಮಬೇಕು, ತೊಟ್ಟಿಕ್ಕಬಾರದು. ಕೊನೆಗೆ ಪಂಪನ್ನು ಕ್ಯಾಲಿಬ್ರೇಷನ್ ಬೆಂಚ್ ಮೇಲೆ ಕೂರಿಸಿ, ಒಂದೊಂದು ಸಿಲಿಂಡರ್‌ಗೂ ಹೋಗುವ ಡೀಸೆಲನ್ನು ಅಳೆದು, ಕಂಪನಿ ಹೇಳಿದ ಪ್ರಮಾಣಕ್ಕೆ ತಂದು ಸೀಲ್ ಹಾಕಬೇಕು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಆಟ ಬದಲಾಗಿದೆ. ಸ್ಕ್ರೂ ಜಾಗದಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಇದೆ, ತಿರುಗಿಸುವವನ ಕೈಯಲ್ಲಿ ಲ್ಯಾಪ್‌ಟಾಪ್. ಚಾಲಕರು ಯೂರಿಯಾ ಎಂದೇ ಕರೆಯುವ ದ್ರಾವಣ (ಅದರಲ್ಲಿ ಯೂರಿಯಾ ಪಾಲು ಶೇ 32.5) ಹೊಗೆಯೊಳಗಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ಸಾರಜನಕ, ನೀರಾಗಿ ಒಡೆಯುತ್ತದೆ. ಅದರ ಖರ್ಚು ಉಳಿಸಲು ಸೆನ್ಸರ್‌ಗೆ ಸುಳ್ಳು ಸಂಕೇತ ಕೊಡುವ ಪುಟ್ಟ ಪೆಟ್ಟಿಗೆ ಕೂರಿಸುವವರಿದ್ದಾರೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಸಾಫ್ಟ್‌ವೇರ್‌ನಿಂದ ಅಮೆರಿಕದ ಪರೀಕ್ಷೆಯನ್ನೇ ವಂಚಿಸಿ ಸಿಕ್ಕಿಬಿದ್ದದ್ದು ಈ ಅನಿಲಗಳ ವಿಷಯದಲ್ಲೇ. ನಮ್ಮಲ್ಲಿ ಅಷ್ಟು ಜಾಣತನವೂ ಬೇಕಿಲ್ಲ: ಡೀಸೆಲ್ ಗಾಡಿಯ ಮಾಮೂಲಿ ಎಮಿಷನ್ ಟೆಸ್ಟ್ ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಪರೀಕ್ಷೆಯ ದೊಡ್ಡ ತೂತು ಇದು, ಮುಚ್ಚಬೇಕಾದದ್ದು ಸರ್ಕಾರ.

ಹಾಗೆಂದು ಮಾಲೀಕರು ನಿರಾಳರಾಗುವಂತಿಲ್ಲ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ಕಾಯ್ದೆ ತಿದ್ದುಪಡಿಯ ಪ್ರಕಾರ ಮಾಲಿನ್ಯ ನಿಯಮ ಮುರಿದರೆ ದಂಡ 10,000 ರೂಪಾಯಿವರೆಗೆ. ಎಂಟು ವರ್ಷ ದಾಟಿದ ಲಾರಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಬೇಕು. ಮುಂದಿನ ಸಲ ಎಫ್‌ಸಿಗೆಂದು ಪಂಪ್ ಸರಿಮಾಡಿಸಿದಾಗ ಬೆಂಚ್‌ನ ರೀಡಿಂಗ್ ಚೀಟಿ ಕೇಳಿ ಇಟ್ಟುಕೊಳ್ಳಿ, ಸೀಲ್ ಮುರಿಸಬೇಡಿ.